ಭಾವನಿಯಂತ್ರಣವೋ ಭಾವದ ಹದವೋ: ಒಂದು ಪರಿಭಾಷೆಯ ವಿಮರ್ಶೆ

ಒಂದು ಶಾಸ್ತ್ರವು ಹೊಸದಾಗಿ ಒಂದು ಭಾಷೆಯನ್ನು ಹೊಕ್ಕಾಗ ಅದಕ್ಕೆ ಮೊದಲು ಬೇಕಾಗುವುದು ಪರಿಭಾಷೆ. ಗಣಿತ, ರಸಾಯನಗಳಂತಹ ಶಾಸ್ತ್ರಗಳಲ್ಲಿ ಪಾರಿಭಾಷಿಕ ಶಬ್ದವು ತುಸು ಒರಟಾಗಿದ್ದರೂ ಬಾಧಕವಿಲ್ಲ. ಲಕ್ಷಣವನ್ನು ಒಮ್ಮೆ ಹೇಳಿಬಿಟ್ಟರೆ ಶಬ್ದವು ಆ ಲಕ್ಷಣಕ್ಕೆ ಕಟ್ಟುಬೀಳುತ್ತದೆ. ಮನಃಶಾಸ್ತ್ರದ ಸ್ಥಿತಿ ಹಾಗಲ್ಲ. ಅಲ್ಲಿ ಶಬ್ದವನ್ನು ಕೇಳತಕ್ಕವನು ವಿದ್ಯಾರ್ಥಿ ಮಾತ್ರವಲ್ಲ, ನೊಂದವನೂ ಹೌದು. ಅವನಿಗೆ ಲಕ್ಷಣವಾಕ್ಯವನ್ನು ಕಂಠಪಾಠ ಮಾಡಿಸುವ ಅವಕಾಶವಿಲ್ಲ. ಶಬ್ದವು ಆಡುನುಡಿಯಲ್ಲಿ ಯಾವ ಅರ್ಥವನ್ನು ಹೊತ್ತಿದೆಯೋ ಆ ಅರ್ಥದಲ್ಲಿಯೇ ಅವನು ಅದನ್ನು ಸ್ವೀಕರಿಸುತ್ತಾನೆ. ಅದರಂತೆಯೇ ತನ್ನನ್ನು ತಾನು ಅಳೆದುಕೊಳ್ಳುತ್ತಾನೆ. ಆದುದರಿಂದ ಇಲ್ಲಿ ಪದದ ತಪ್ಪು ಚಿಕಿತ್ಸೆಯ ತಪ್ಪಾಗಿ ಪರಿಣಮಿಸುವುದುಂಟು.

ಈಚಿನ ಕನ್ನಡ ಮನೋವೈದ್ಯ ಬರಹಗಳಲ್ಲಿ ಜೋಡಿಯಾಗಿ ಬರುವ ಎರಡು ಶಬ್ದಗಳು ‘ಆಘಾತ’ ಮತ್ತು ‘ಭಾವನಿಯಂತ್ರಣ’. ಘೋರವಾದ ಅನುಭವವೊಂದು ಮನುಷ್ಯನ ಭಾವಗಳ ಏರಿಳಿತವನ್ನು ಹೇಗೆ ಕೆಡಿಸುತ್ತದೆಂಬುದನ್ನು ಆಪ್ತಸಲಹೆಗೆ ಬಂದವರಿಗೆ ತಿಳಿಸಿಕೊಡುವಾಗ ಈ ಎರಡೂ ಅನಿವಾರ್ಯವೆಂಬಂತೆ ಬಳಕೆಗೆ ಬಂದಿವೆ. ಇವು ತಮ್ಮ ಕೆಲಸವನ್ನು ಎಷ್ಟರಮಟ್ಟಿಗೆ ಮಾಡುತ್ತಿವೆ, ಕನ್ನಡದ ಕಾವ್ಯಮೀಮಾಂಸೆಯೂ ಕಥನಸಾಹಿತ್ಯವೂ ಜಾನಪದವೂ ಈ ವಿಷಯದಲ್ಲಿ ಏನನ್ನು ಕೊಡಬಲ್ಲವು, ಏನನ್ನು ಕೊಡಲಾರವು ಎಂಬುದೇ ಪ್ರಕೃತ ವಿಮರ್ಶೆಯ ವಸ್ತು.

ವಿಚಾರವು ಗಾಳಿಯಲ್ಲಿ ತೇಲಬಾರದೆಂದು ಅದಕ್ಕೊಂದು ನೆಲವನ್ನು ಗೊತ್ತುಮಾಡಿಕೊಳ್ಳುವುದು ಮೇಲು. ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಬಂಡೆಬೆಟ್ಟಗಳ, ಮಳೆಯನ್ನೇ ನೆಚ್ಚಿದ ಕಡಲೆಕಾಯಿ ರಾಗಿಗಳ ಈ ಸೀಮೆಯಲ್ಲಿ ಬರವೆಂಬುದು ಅತಿಥಿಯಲ್ಲ, ಒಕ್ಕಲು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಪ್ರಜೆಗಳಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿತು. ಈಚಿನ ಕಾಲದಲ್ಲಿಯೂ ಪೆಟ್ಟುಗಳು ತಪ್ಪಿಲ್ಲ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ತಂಗುದಾಣದ ಮೇಲೆ ನಕ್ಸಲರು ರಾತ್ರಿಯಲ್ಲಿ ಎರಗಿ ಪೊಲೀಸರನ್ನು ಕೊಂದರು. 2022ರ ಮಾರ್ಚ್ 19ರಂದು ಅದೇ ತಾಲ್ಲೂಕಿನ ಪಳವಳ್ಳಿಯ ಬಳಿ ಕಿಕ್ಕಿರಿದ ಖಾಸಗಿ ಬಸ್ಸು ಉರುಳಿ ವಿದ್ಯಾರ್ಥಿಗಳೂ ಸೇರಿದಂತೆ ಹಲವರು ಅಸುನೀಗಿದರು; ಅನೇಕರು ಗಾಯಗೊಂಡರು. ಇಂತಹ ದಿನಗಳ ಮರುದಿನ ಶಾಲೆಯ ಬಾಗಿಲನ್ನು ತೆರೆಯತಕ್ಕವರು ಉಪಾಧ್ಯಾಯರು. ಬದುಕುಳಿದ ಮಕ್ಕಳೊಡನೆ ಯಾವ ಮಾತನ್ನು ಆಡಬೇಕೆಂಬ ಪ್ರಶ್ನೆ ಅವರಿಗೆ ಪಾಂಡಿತ್ಯದ ಪ್ರಶ್ನೆಯಲ್ಲ.

ಮೊದಲು ಶಾಸ್ತ್ರವು ಹೇಳುವುದನ್ನು ಸಂಗ್ರಹವಾಗಿ ನೋಡಬಹುದು. ಪ್ರಾಣಕ್ಕೆ ಸಂಚಕಾರ ಬಂದಾಗ ದೇಹವು ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಮಿದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದ ಒಂದು ಚಿಕ್ಕ ಕೇಂದ್ರವು ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತದೆ; ಎದೆಬಡಿತವು ಏರುತ್ತದೆ, ಉಸಿರು ಮೊಟಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ; ವಿವೇಚಿಸಿ ನಿರ್ಣಯಿಸುವ ಮುಮ್ಮಿದುಳಿನ ಮಾತು ಆ ಗದ್ದಲದಲ್ಲಿ ಕೇಳಿಸದು. ಹೋರಾಡಲೂ ಓಡಲೂ ದಾರಿಯಿಲ್ಲದಿದ್ದರೆ ದೇಹವು ಮತ್ತೊಂದು ಉಪಾಯವನ್ನು ಹಿಡಿಯುತ್ತದೆ: ಕಲ್ಲಾಗಿ ನಿಲ್ಲುತ್ತದೆ, ಜಡವಾಗುತ್ತದೆ, ನೋವನ್ನು ಸಹ ಅರಿಯದಂತಾಗುತ್ತದೆ. ಇವೆಲ್ಲವೂ ಆ ಗಳಿಗೆಯಲ್ಲಿ ರಕ್ಷಣೆಯ ಮಾರ್ಗಗಳೇ. ಕೇಡು ಇರುವುದು ಅಪಾಯವು ಕಳೆದಮೇಲೂ ಗಂಟೆಯು ನಿಲ್ಲದಿರುವುದರಲ್ಲಿ. ಆಗ ಚಿಕ್ಕ ಸದ್ದಿಗೂ ಮೈ ನಡುಗುತ್ತದೆ, ಸಣ್ಣ ಮಾತಿಗೂ ಕೋಪವು ಉಕ್ಕುತ್ತದೆ. ಇಲ್ಲವೆ ಮಗುವಿನ ನಗೆಯೂ ಮನಸ್ಸನ್ನು ಮುಟ್ಟದಷ್ಟು ಮರಗಟ್ಟುವಿಕೆ ಉಂಟಾಗುತ್ತದೆ. ಒಬ್ಬನಲ್ಲಿಯೇ ಈ ಎರಡೂ ಅವಸ್ಥೆಗಳು ಒಂದೇ ದಿನದಲ್ಲಿ ಸರದಿಯಾಗಿ ಬರಬಹುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಸೈನಿಕರ ಈ ವ್ಯಥೆಯು ಗುಂಡಿನ ಸಪ್ಪಳದ ಬೇನೆಯೆಂದು ವೈದ್ಯಪತ್ರಿಕೆಯಲ್ಲಿ ವರ್ಣಿತವಾಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕವಾದ ಸ್ಥಾನ ದೊರೆಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂಗೀಕರಿಸಿದ ಹನ್ನೊಂದನೆಯ ರೋಗವರ್ಗೀಕರಣವು ದೀರ್ಘಕಾಲದ, ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಂದ ಬರುವ ಜಟಿಲಪ್ರಭೇದವನ್ನು ಒಪ್ಪಿಕೊಂಡು, ಭಾವಗಳ ಏರಿಳಿತವು ಕೆಡುವುದನ್ನು ಅದರ ಮುಖ್ಯ ಲಕ್ಷಣಗಳಲ್ಲಿ ಒಂದಾಗಿ ಎಣಿಸಿತು.

ಇನ್ನು ಶಬ್ದಗಳ ಪರೀಕ್ಷೆ. ‘ಆಘಾತ’ವೆಂಬುದು ಹೊಡೆಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು, ಅದು ಹೊಡೆತವನ್ನು ಹೇಳುತ್ತದೆ, ಹೊಡೆತದಿಂದಾದ ಗಾಯವನ್ನು ಹೇಳುವುದಿಲ್ಲ. ಪಾಶ್ಚಾತ್ಯರು ಬಳಸುವ ‘ಟ್ರಾಮಾ’ ಎಂಬ ಗ್ರೀಕ್ ಶಬ್ದಕ್ಕಾದರೋ ಮೂಲದಲ್ಲಿ ಗಾಯವೆಂದೇ ಅರ್ಥ. ಈ ವ್ಯತ್ಯಾಸವು ಅಲ್ಪವಾದುದಲ್ಲ. ಹೊಡೆತವು ನಿನ್ನೆಯದು, ಅದನ್ನು ಅಳಿಸಲು ಯಾರಿಂದಲೂ ಆಗದು. ಗಾಯವು ಇಂದಿನದು, ಅದು ಮಾಯುವಂತಹುದು. ಸಲಹೆಗೆ ಬಂದವನು ಮೊದಲು ತಿಳಿಯಬೇಕಾದ ಸಂಗತಿಯೇ ಇದು. ‘ನಿಮಗೆ ಆಘಾತವಾಗಿದೆ’ ಎಂಬ ವಾಕ್ಯವು ಅವನನ್ನು ಹಿಂದಿನ ಘಟನೆಗೆ ಕಟ್ಟಿಹಾಕುತ್ತದೆ. ‘ಪೆಟ್ಟು ಕಳೆದುಹೋಯಿತು, ಗಾಯ ಉಳಿದಿದೆ’ ಎಂಬ ವಾಕ್ಯವು ಮುಂದಿನ ಚಿಕಿತ್ಸೆಗೆ ದಾರಿಯನ್ನು ಬಿಡುತ್ತದೆ. ಇದಲ್ಲದೆ ಮತ್ತೊಂದು ತೊಡಕುಂಟು. ಪತ್ರಿಕೆಗಳ ಮೂಲಕ ‘ಹೃದಯಾಘಾತ’ವೆಂಬ ಶಬ್ದವು ಹಳ್ಳಿಹಳ್ಳಿಗೂ ಮುಟ್ಟಿರುವುದರಿಂದ ‘ಆಘಾತ’ವೆಂದೊಡನೆ ಸಾಮಾನ್ಯನ ಕೈ ಎದೆಯ ಮೇಲೆ ಹೋಗುತ್ತದೆ. ಎದೆಬಡಿತವು ಏರಿದ್ದೇ ಪೀಡೆಯಾಗಿರುವವನಿಗೆ ಈ ಶಬ್ದವು ಸಮಾಧಾನವನ್ನಲ್ಲ, ಹೊಸದೊಂದು ದಿಗಿಲನ್ನು ಕೊಡುತ್ತದೆ.

‘ನಿಯಂತ್ರಣ’ದ ದೋಷವು ಇದಕ್ಕಿಂತಲೂ ಆಳವಾದುದು. ಬೆಲೆ ನಿಯಂತ್ರಣ, ಜನನ ನಿಯಂತ್ರಣ, ಮಾಲಿನ್ಯ ನಿಯಂತ್ರಣ ಎಂಬ ಪ್ರಯೋಗಗಳಲ್ಲೆಲ್ಲ ಆ ಶಬ್ದವು ಹೆಚ್ಚಿದ್ದನ್ನು ಅದುಮುವುದನ್ನು, ಬೆಳೆಯುವುದನ್ನು ತಡೆಯುವುದನ್ನು ಸೂಚಿಸುತ್ತದೆ. ಶಾಸ್ತ್ರವು ಹೇಳುವ ಕ್ರಿಯೆಯೋ ಉಭಯಮುಖವಾದುದು: ಉಕ್ಕಿದ್ದನ್ನು ಇಳಿಸುವುದು ಎಷ್ಟು ಮುಖ್ಯವೋ ಬತ್ತಿದ್ದನ್ನು ಒಸರಿಸುವುದೂ ಅಷ್ಟೇ ಮುಖ್ಯ. ಮರಗಟ್ಟಿ ಕುಳಿತವಳಿಗೆ ‘ಭಾವಗಳನ್ನು ನಿಯಂತ್ರಿಸಿಕೊಳ್ಳಬೇಕು’ ಎಂದು ಹೇಳಿದರೆ ಅವಳು ಈಗಾಗಲೇ ಅತಿಯಾಗಿ ಮಾಡುತ್ತಿರುವುದನ್ನೇ ಇನ್ನಷ್ಟು ಮಾಡೆಂದು ಹೇಳಿದಂತಾಯಿತು. ಉಕ್ಕುವವನಿಗೂ ಅದು ಹಿತವಲ್ಲ. ಭಾವವನ್ನು ಮುಖದ ಮೇಲೆ ತೋರಗೊಡದೆ ಅದುಮಿದರೆ ಒಳಗಿನ ವೇದನೆಯು ಕಡಮೆಯಾಗದು, ದೇಹದ ಉದ್ವೇಗವು ಹೆಚ್ಚುವುದೂ ಉಂಟೆಂದು ಗ್ರಾಸ್ ಮತ್ತು ಲೆವೆನ್‌ಸನ್ ಎಂಬ ವಿದ್ವಾಂಸರು 1993 ಮತ್ತು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿದ್ದಾರೆ. ಹೀಗಿರಲು ಶಾಸ್ತ್ರವು ಯಾವುದನ್ನು ಬೇಡವೆನ್ನುತ್ತದೆಯೋ ಅದನ್ನೇ ಕನ್ನಡದ ಪರಿಭಾಷೆಯು ಬೋಧಿಸುತ್ತಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು. ಅಳಬಾರದು, ನುಂಗಿಕೊಳ್ಳಬೇಕು ಎಂಬ ಮನೆಮನೆಯ ಕಟ್ಟಳೆಗೆ ‘ನಿಯಂತ್ರಣ’ವು ವೈದ್ಯಶಾಸ್ತ್ರದ ಮುದ್ರೆಯನ್ನು ಒತ್ತಿದಂತಾಗಿದೆ.

ಇಲ್ಲಿ ಸಹಜವಾಗಿಯೇ ಅಲಂಕಾರಶಾಸ್ತ್ರದ ನೆನಪು ಬರುತ್ತದೆ. ಭಾವಗಳನ್ನು ಎಣಿಸಿ, ಹೆಸರಿಟ್ಟು, ಅವುಗಳ ಗತಿಯನ್ನು ಗುರುತಿಸಿದ ಈ ದೇಶದ ಹಳೆಯ ಶಾಸ್ತ್ರಗಳಲ್ಲಿ ಇದೂ ಒಂದು. ಭರತನು ಹೇಳುವ ಎಂಟು ಸಾತ್ತ್ವಿಕಭಾವಗಳನ್ನು, ಅಂದರೆ ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯಗಳನ್ನು ನೋಡಿದರೆ ಅವು ಇಚ್ಛೆಯ ಅಂಕೆಗೆ ಸಿಕ್ಕದ ದೇಹವಿಕಾರಗಳೆಂಬುದು ಸ್ಪಷ್ಟ. ಬೆವರು, ನಡುಕ, ರೋಮಾಂಚಗಳು ಉದ್ವೇಗದ ಕಡೆಯವು. ಸ್ತಂಭ ಪ್ರಳಯಗಳು ಜಡತೆಯ ಕಡೆಯವು. ಮೂವತ್ತಮೂರು ಸಂಚಾರಿಭಾವಗಳಲ್ಲಿಯೂ ತ್ರಾಸ, ಆವೇಗ, ಜಡತೆ, ಮೋಹ, ಸ್ಮೃತಿಗಳು ಸೇರಿವೆ. ಸಂಚಾರಿಗಳ ಸ್ವಭಾವವೇ ಬಂದು ಹೋಗುವುದು; ಕಡಲಿನಲ್ಲಿ ಅಲೆಗಳೆದ್ದು ಅಡಗುವಂತೆ ಅವು ಸ್ಥಾಯಿಯಲ್ಲಿ ಎದ್ದು ಅಡಗುವುವೆಂದು ದಶರೂಪಕದ ಕರ್ತನು ಹೇಳುತ್ತಾನೆ. ಗಾಯಗೊಂಡ ಮನಸ್ಸಿನಲ್ಲಿ ಆಗುವುದಾದರೂ ಏನು? ಸಂಚರಿಸಬೇಕಾದ ತ್ರಾಸವು ಅಡಗದೆ ನಿಂತುಬಿಡುತ್ತದೆ; ಸಂಚಾರಿಯು ಸ್ಥಾಯಿಯ ಗದ್ದುಗೆಯನ್ನೇರಿ ಕುಳಿತಿದೆಯೆನ್ನಬಹುದು. ಸಾಳ್ವನ ರಸರತ್ನಾಕರವನ್ನೋ, ತುಮಕೂರು ಜಿಲ್ಲೆಯವರೇ ಆದ ತೀ. ನಂ. ಶ್ರೀಕಂಠಯ್ಯನವರ ಭಾರತೀಯ ಕಾವ್ಯಮೀಮಾಂಸೆಯನ್ನೋ (1953) ಪಾಠ ಹೇಳುವ ಅಧ್ಯಾಪಕನಿಗೆ ಈ ವಿವರಣೆಯು ಬಹಳ ಸುಲಭವಾಗಿ ಒದಗುತ್ತದೆ.

ಆದರೆ ಈ ಸೌಲಭ್ಯದಲ್ಲಿಯೇ ಒಂದು ಅಪಾಯವಿದೆ. ಎಲ್ಲವನ್ನೂ ಪೂರ್ವಿಕರು ಮೊದಲೇ ಅರಿತಿದ್ದರೆಂಬ ಹೆಮ್ಮೆಗೆ ಇಲ್ಲಿ ಆಧಾರವಿಲ್ಲ. ರಸಶಾಸ್ತ್ರದ ಗುರಿ ನಟ, ಕವಿ, ಸಹೃದಯ, ರೋಗಿಯಲ್ಲ. ಶೋಕವು ಕರುಣರಸವಾಗುವುದು ಸಾಧಾರಣೀಕರಣದಿಂದ ಎಂದು ಭಟ್ಟನಾಯಕನ ಮತ. ತನ್ನದೂ ಅಲ್ಲದ, ಪರರದೂ ಅಲ್ಲದ ನೆಲೆಗೆ ಭಾವವು ಏರಿದಾಗಲೇ ಅದು ಆಸ್ವಾದ್ಯ. ಗಾಯಗೊಂಡವನಿಗೆ ಇಲ್ಲದಿರುವುದೇ ಆ ದೂರ. ಅವನ ಸ್ಮೃತಿಯು ನೆನಪಾಗಿ ಬರುವುದಿಲ್ಲ, ಘಟನೆಯಾಗಿಯೇ ಮರುಕಳಿಸುತ್ತದೆ. ಈ ಭೇದವನ್ನು ಮರೆತು, ‘ನಡೆದದ್ದನ್ನೆಲ್ಲ ಹೇಳಿಬಿಡು, ಮನಸ್ಸು ಹಗುರವಾಗುತ್ತದೆ’ ಎಂದು ಸಿಕ್ಕವರೆಲ್ಲ ಒತ್ತಾಯಪಡಿಸುವುದರಿಂದ ಕೇಡಾಗುವ ಸಂಭವವಿದೆ. ಜೂಡಿತ್ ಹರ್ಮನ್ ಎಂಬ ಅಮೆರಿಕದ ಮನೋವೈದ್ಯೆ 1992ರ ತಮ್ಮ ಗ್ರಂಥದಲ್ಲಿ ಚಿಕಿತ್ಸೆಗೆ ಮೂರು ಹಂತಗಳನ್ನು ಹೇಳಿ, ಅಭಯವನ್ನು ಮೊದಲಿಗೂ ಸ್ಮರಣೆಯನ್ನೂ ಶೋಕವನ್ನೂ ಎರಡನೆಯದಕ್ಕೂ ಜನರೊಡನೆ ಮರಳಿ ಬೆರೆಯುವುದನ್ನು ಕಡೆಗೂ ಇರಿಸಿರುವುದು ಇದಕ್ಕಾಗಿಯೇ. ಒಟ್ಟಿನಲ್ಲಿ ಅಲಂಕಾರಶಾಸ್ತ್ರವು ಹೆಸರುಗಳನ್ನು ಕೊಡಬಲ್ಲದು, ಮದ್ದನ್ನು ಕೊಡಲಾರದು.

ಹೊಸಗನ್ನಡದ ಕಥನಸಾಹಿತ್ಯದಲ್ಲಿ ಈ ವಿಷಯಕ್ಕೆ ಹತ್ತಿರವಾದ ಕೃತಿಯೆಂದರೆ ತ್ರಿವೇಣಿಯವರ (1928–1963) ಶರಪಂಜರ. ಬಾಣಂತನದಲ್ಲಿ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳಿದ ಕಾವೇರಿಯನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ಕಾಣುತ್ತಾರೆ. ಅವಳು ನಕ್ಕರೂ ಸಂಶಯ, ಸಿಟ್ಟುಗೊಂಡರೂ ಸಂಶಯ. ಸ್ವಸ್ಥರಿಗೆಲ್ಲ ಸಲ್ಲುವ ಏರಿಳಿತವು ಅವಳೊಬ್ಬಳಿಗೆ ಸಲ್ಲುವುದಿಲ್ಲ. ಭಾವದ ಏರಿಳಿತವು ಒಬ್ಬರ ಎದೆಯೊಳಗೆ ಮಾತ್ರ ನಡೆಯುವ ವ್ಯಾಪಾರವಲ್ಲ, ಸುತ್ತಲಿನವರ ಕಣ್ಣುಗಳೂ ಅದರಲ್ಲಿ ಪಾಲುಗೊಂಡಿರುತ್ತವೆ ಎಂಬುದನ್ನು ಕನ್ನಡದಲ್ಲಿ ಈ ಕಾದಂಬರಿಯಷ್ಟು ಖಚಿತವಾಗಿ ತೋರಿಸಿಕೊಟ್ಟ ಕೃತಿಗಳು ವಿರಳ. 1971ರಲ್ಲಿ ಚಲನಚಿತ್ರವಾದಮೇಲೆ ಕಥೆಯು ಓದುಬಾರದವರಿಗೂ ತಲಪಿತು. ಆದರೆ ಅದರ ಆವರಣವು ನಗರದ ಮಧ್ಯಮವರ್ಗದ ಮನೆ; ಅದರ ಮುಕ್ತಾಯವು ನಿರಾಶೆ. ಸಲಹೆಯ ಕೊಠಡಿಯಲ್ಲಿ ಅದು ಸುತ್ತಲಿನವರಿಗೆ ಪಾಠವಾಗಬಲ್ಲದು. ನೊಂದವರಿಗೆ ಆಸರೆಯಾಗುವುದು ಕಷ್ಟ. ‘ಕೊರವಂಜಿ’ಯ ಸಂಪಾದಕರಾಗಿದ್ದ ಡಾಕ್ಟರ್ ಎಂ. ಶಿವರಾಮ್ ಅವರ ಮನಮಂಥನವು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದದ್ದು, ಮನೋವೈದ್ಯವಿಷಯದ ಗದ್ಯವೂ ಸಾಹಿತ್ಯವಾಗಬಲ್ಲದೆಂಬುದಕ್ಕೆ ಸಾಕ್ಷಿ.

ನಾಲ್ಕು ತಾಲ್ಲೂಕುಗಳ ಸ್ವಂತ ಸಾಹಿತ್ಯವನ್ನು ಹುಡುಕುವವರು ಸಿರಾ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಕಾವ್ಯಕ್ಕೆ ಬರಲೇಬೇಕು. ತುರುಗಾಹಿಯಾದ ಈ ವೀರನನ್ನು ಸೋದರಮಾವಂದಿರೇ ಮತ್ಸರದಿಂದ ವಿಷವಿಕ್ಕಿ ಕೊಲ್ಲುತ್ತಾರೆ. ಕಾಪಾಡಬೇಕಾದ ಬಂಧುಗಳಿಂದಲೇ ಬರುವ ಪೆಟ್ಟು ಎಲ್ಲ ಪೆಟ್ಟುಗಳಿಗಿಂತ ಹೆಚ್ಚಾಗಿ ಮನಸ್ಸನ್ನು ಕೆಡಿಸುತ್ತದೆಂದು ಇಂದಿನ ಶಾಸ್ತ್ರವು ಹೇಳುವ ಮಾತು ಈ ಕಾವ್ಯದ ನಡುಗಂಬವಾಗಿದೆ. ಜುಂಜಪ್ಪನ ಹೆಸರಿನೊಡನೆ ಅಗಲದೆ ಬರುವ ವಾದ್ಯ ಗಣೆ, ಬಿದಿರಿನ ಉದ್ದನೆಯ ಕೊಳಲು. ಅದನ್ನು ನುಡಿಸುವವನು ಉಸಿರನ್ನು ನೀಳವಾಗಿ ಬಿಡಬೇಕಾಗುತ್ತದೆ. ಉಚ್ಛ್ವಾಸಕ್ಕಿಂತ ನಿಶ್ವಾಸವು ನೀಳವಾದಾಗ ಎದೆಬಡಿತವು ಇಳಿಯುತ್ತದೆಂಬುದು ಶರೀರಶಾಸ್ತ್ರದ ನಿರ್ಣಯ. ವಿಷದ ಕಥೆಯನ್ನು ಉಸಿರಿನ ವಾದ್ಯದ ಜೊತೆಗೂಡಿಸಿ, ಒಬ್ಬನೇ ಹೊರಲಾರದ ದುಃಖವನ್ನು ಹಟ್ಟಿಯೆಲ್ಲ ಸೇರಿ ಕೇಳುವ ಈ ಏರ್ಪಾಡಿನಲ್ಲಿ ಆ ಹಿಂದೆ ಹೇಳಿದ ದೂರವು ತಾನಾಗಿಯೇ ಒದಗುತ್ತದೆ.

ಹಾಗೆಂದು ಹಟ್ಟಿಯನ್ನು ಆರೋಗ್ಯಧಾಮವೆಂದು ಕೊಂಡಾಡುವುದು ಸತ್ಯಕ್ಕೆ ದೂರ. ಮುಟ್ಟಾದ ಹೆಂಗಸರನ್ನೂ ಬಾಣಂತಿ ಶಿಶುಗಳನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಸೂತಕದ ಪದ್ಧತಿಯು ಅನೇಕ ಗೊಲ್ಲರಹಟ್ಟಿಗಳಲ್ಲಿ ನಡೆದುಬಂದಿದೆ. 2017ರ ಕರ್ನಾಟಕದ ಅಮಾನವೀಯ ದುಷ್ಟಪದ್ಧತಿಗಳ ನಿಷೇಧದ ಕಾನೂನು ಇಂತಹ ಬಹಿಷ್ಕಾರವನ್ನು ಅಪರಾಧವೆಂದು ಸಾರಿದಮೇಲೆಯೂ, 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿರಿಸಿದ ಎಳೆಗೂಸೊಂದು ಮಳೆಚಳಿಗಳ ದಿನಗಳಲ್ಲಿ ತೀರಿಕೊಂಡಿತು. ಗಾಯಕ್ಕೆ ಹಾಡನ್ನು ಕೊಟ್ಟ ಸಮುದಾಯವೇ ಗಾಯವನ್ನೂ ಮಾಡಬಲ್ಲದು. ಕಾಡುಗೊಲ್ಲರದು ಮಾತ್ರವಲ್ಲ, ಎಲ್ಲ ಸಮುದಾಯಗಳ ಕಥೆಯೂ ಇದೇ. ಜಾನಪದವನ್ನು ಚಿಕಿತ್ಸೆಯ ಹೆಸರಿನಲ್ಲಿ ಮುಂದಿಡುವವರು ಈ ಎರಡು ಮುಖಗಳನ್ನೂ ಕಾಣಬೇಕು.

ಹಾಗಾದರೆ ಬೇಕಾದ ಶಬ್ದವೆಲ್ಲಿದೆ? ಅದು ಗ್ರಂಥಗಳಲ್ಲಿಲ್ಲ, ಹೊಲದಲ್ಲಿದೆ. ಮಳೆ ಬಿದ್ದ ಮರುಗಳಿಗೆಯೇ ಆರು ಕಟ್ಟಿದರೆ ಮಣ್ಣು ನೇಗಿಲಿಗೆ ಅಂಟುತ್ತದೆ. ಬಿಸಿಲಿಗೆ ಬಿಟ್ಟು ಕಾದರೆ ಹೆಂಟೆಗಟ್ಟಿ ಗುಳ ಇಳಿಯುವುದಿಲ್ಲ. ಈ ಎರಡರ ನಡುವೆ ನೆಲವು ಬೀಜವನ್ನು ಒಪ್ಪಿಕೊಳ್ಳುವ ಸ್ಥಿತಿಯೊಂದುಂಟು. ಅದಕ್ಕೆ ಹೆಸರು ‘ಹದ’. ಮಧುಗಿರಿ ಪಾವಗಡಗಳ ಬೇಸಾಯಗಾರನಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಡೇನಿಯಲ್ ಸೀಗಲ್ ಎಂಬ ವಿದ್ವಾಂಸನು 1999ರಲ್ಲಿ, ಮನಸ್ಸು ತಾಳಿಕೊಳ್ಳಬಲ್ಲ ಅವಕಾಶವನ್ನು ಒಂದು ಕಿಟಕಿಗೆ ಹೋಲಿಸಿ, ಅದರ ಮೇಲಂಚನ್ನು ದಾಟಿದರೆ ಉದ್ವೇಗ, ಕೆಳಅಂಚನ್ನು ದಾಟಿದರೆ ಜಡತೆ ಎಂದು ನಿರೂಪಿಸಿದನಷ್ಟೆ. ಆ ಕಿಟಕಿಯ ಕನ್ನಡವೇ ಹದ. ಗಾಯವು ಮಾಡುವ ಕೇಡೆಂದರೆ ಹದದ ಅವಧಿಯನ್ನು ಕಿರಿದುಗೊಳಿಸುವುದು: ಬೇಗ ಕೆಸರಾಗುತ್ತದೆ, ಬೇಗ ಹೆಂಟೆಗಟ್ಟುತ್ತದೆ. ಈ ಶಬ್ದವು ಉಭಯಮುಖವಾದುದು. ಬಿಸಿಲು ಬೇಕಾದಲ್ಲಿ ಬಿಸಿಲು, ನೀರು ಬೇಕಾದಲ್ಲಿ ನೀರು. ಇದರಲ್ಲಿ ಅಪ್ಪಣೆಯ ದನಿಯಿಲ್ಲ, ಹದ ತಪ್ಪಿದ್ದಕ್ಕೆ ನೆಲವನ್ನು ಯಾರೂ ಬೈಯುವುದಿಲ್ಲ.

ಶಬ್ದಶಾಸ್ತ್ರವೂ ಇದಕ್ಕೆ ಅನುಕೂಲವಾಗಿದೆ. ಹಳಗನ್ನಡದ ‘ಪದ’, ‘ಪದನ್’ ಎಂಬ ರೂಪವೇ ಪಕಾರಕ್ಕೆ ಹಕಾರ ಬಂದು ‘ಹದ’ವಾದುದು, ತೆಲುಗಿನಲ್ಲಿ ಇದರ ಜ್ಞಾತಿಶಬ್ದವು ‘ಪದನು’, ‘ಪದುನು’ ಎಂದು ಇದೇ ಅರ್ಥದಲ್ಲಿ ಬಾಳುತ್ತಿದೆ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ, ಮನೆಗಳಲ್ಲಿ ತೆಲುಗೂ ಶಾಲೆಗಳಲ್ಲಿ ಕನ್ನಡವೂ ನಡೆಯುವ ಪಾವಗಡ ತಾಲ್ಲೂಕಿನಲ್ಲಿ ಒಂದೇ ಮಾತು ಎರಡು ನುಡಿಗಳಿಗೂ ಸಲ್ಲುವುದು ಸಣ್ಣ ಲಾಭವಲ್ಲ. ಇನ್ನು ಸಾಧಿತ ಶಬ್ದಗಳ ಕೊರತೆಯೂ ಇಲ್ಲ. ‘ಹದಗೆಡು’ ಎಂಬುದು ಆಡುಮಾತಿನಲ್ಲಿಯೇ ಇದೆ. ‘ಹದಕ್ಕೆ ಬರು’, ‘ಹದವರಿ’ ಎಂಬುವೂ ಇವೆ.

ಆಕ್ಷೇಪಗಳು ಇಲ್ಲದಿಲ್ಲ. ಹದವು ಮಳೆಯ ಅಧೀನವಾದುದರಿಂದ ಆ ಶಬ್ದವು ಮನುಷ್ಯಪ್ರಯತ್ನವನ್ನು ಮರೆಸಿ ದೈವವಾದಕ್ಕೆ ಎಡೆಗೊಡಬಹುದೆಂಬುದು ಮೊದಲನೆಯದು. ಮಳೆಯು ಅಧೀನವಲ್ಲದಿದ್ದರೂ ಹದವನ್ನು ಗುರುತಿಸುವುದೂ ಹಿಡಿದಿಡುವುದೂ ಬೇಸಾಯಗಾರನ ಜಾಣ್ಮೆಯೇ. ಬದು ಹಾಕಿ, ಗೊಬ್ಬರ ಚೆಲ್ಲಿ, ನೆಲದ ತೇವವು ಹೆಚ್ಚು ದಿನ ನಿಲ್ಲುವಂತೆ ಅವನು ಮಾಡುತ್ತಾನೆ. ಎರಡನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ತೊಗಲನ್ನು ಹದ ಮಾಡುವುದುಂಟು. ತುಂಟನನ್ನು ‘ಹದ ಮಾಡುತ್ತೇನೆ’ ಎಂದು ಹೆದರಿಸುವುದೂ ಉಂಟು. ಹೊಡೆತದಿಂದ ನೊಂದವನ ಮುಂದೆ ಈ ಪ್ರಯೋಗವು ಸಲ್ಲದು. ಆದುದರಿಂದ ‘ಹದ ಮಾಡು’ ಎಂಬ ಸಕರ್ಮಕರೂಪವನ್ನು ಬಿಟ್ಟು ‘ಹದಕ್ಕೆ ಬರು’ ಎಂಬ ಅಕರ್ಮಕರೂಪವನ್ನೇ ಹಿಡಿಯತಕ್ಕದ್ದು.

ಬಳಕೆಯಲ್ಲಿ ಇದು ಹೇಗಿರಬಹುದು? ಅಪಘಾತವನ್ನು ಕಂಡು ಬಂದ ಹುಡುಗನೊಬ್ಬನು ತರಗತಿಯಲ್ಲಿ ಮೋಟಾರಿನ ಕೂಗಿಗೆ ಬೆಚ್ಚಿ ಬೆವರುತ್ತಾನೆಂದು ಭಾವಿಸಬಹುದು. ‘ಹೆದರಬೇಡ, ಮನಸ್ಸನ್ನು ನಿಯಂತ್ರಿಸಿಕೋ’ ಎಂದರೆ ಅವನಿಗೆ ಭಯದ ಜೊತೆಗೆ ಸೋಲೂ ಸೇರಿತು. ‘ಪೆಟ್ಟು ಆ ದಿನವೇ ಮುಗಿಯಿತು, ಗಾಯವಿನ್ನೂ ಹಸಿಯಾಗಿದೆ, ಅದಕ್ಕೇ ಮೈ ಹದ ತಪ್ಪಿತು. ಕಾಲುಗಳನ್ನು ನೆಲಕ್ಕೂರಿ ಉಸಿರನ್ನು ನೀಳವಾಗಿ ಬಿಡು. ಸುತ್ತಲೂ ಕಾಣುವ ಐದು ವಸ್ತುಗಳನ್ನು ಹೆಸರಿಸು. ಹದಕ್ಕೆ ಬರುತ್ತದೆ’ ಎಂದರೆ ಅವನಿಗೆ ಕಾರಣವೂ ತಿಳಿಯಿತು, ಕೆಲಸವೂ ಸಿಕ್ಕಿತು. ಮಂಕಾಗಿ ಕುಳಿತ ಮತ್ತೊಬ್ಬಳಿಗೆ ಅದೇ ಮಾತು ಬೇರೆಯಾಗಿ ಸಲ್ಲುತ್ತದೆ. ಅವಳನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದು, ತಣ್ಣೀರಿನಲ್ಲಿ ಮುಖ ತೊಳೆಯಿಸುವುದು, ಪರಿಚಿತರ ದನಿಯನ್ನು ಕೇಳಿಸುವುದು ಒಣಗಿದ ನೆಲಕ್ಕೆ ನೀರು ಹನಿಸಿದಂತೆ. ವಾರಗಳು ಕಳೆದರೂ ಹದವು ನಿಲ್ಲದಿದ್ದರೆ ವೈದ್ಯರಲ್ಲಿಗೆ ಕಳುಹಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಊರಿನ ಸಮೀಪದಲ್ಲಿಯೇ ಮನೋವೈದ್ಯವು ದೊರೆಯಬೇಕೆಂಬ ಪ್ರಯೋಗವು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮೊದಲಾಗಿ, 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ದೇಶದಲ್ಲಿ ಹಬ್ಬಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತದೆ. ಸೌಕರ್ಯವು ಹೀಗೆ ಹಳ್ಳಿಯ ಬಾಗಿಲಿಗೆ ಬಂದಿರುವಾಗ, ಅದು ಯಾವ ಕನ್ನಡದಲ್ಲಿ ಮಾತನಾಡಬೇಕೆಂಬುದನ್ನು ವೈದ್ಯರೊಬ್ಬರೇ ನಿರ್ಣಯಿಸುವುದು ಸಾಧ್ಯವಿಲ್ಲ, ನ್ಯಾಯವೂ ಅಲ್ಲ. ಪೆಟ್ಟು, ಗಾಯ, ದಿಗಿಲು, ಮಂಕು, ಹದ ಎಂಬ ಮಾತುಗಳು ನಿಘಂಟುಗಳಲ್ಲಿ ಇವೆ; ಅವುಗಳ ಅರ್ಥಚ್ಛಾಯೆಗಳನ್ನು ತೂಗಿ, ಯಾವುದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದೆಂದು ಹೇಳಬಲ್ಲವರು ಭಾಷೆಯ ಅಧ್ಯಾಪಕರು. ಸಿರಾ ಪಾವಗಡಗಳ ಪ್ರೌಢಶಾಲೆಗಳಲ್ಲಿ ಅವರು ದಿನವೂ ಮಾಡುತ್ತಿರುವ ಪದವಿಚಾರದ ಕೆಲಸವು, ಎದುರಿಗೆ ಕುಳಿತ ಮಕ್ಕಳಲ್ಲಿ ಯಾರಾದರೊಬ್ಬರಿಗೆ ರಾತ್ರಿಯ ನಿದ್ರೆಯನ್ನು ಮರಳಿ ಕೊಡುವುದಕ್ಕೂ ಒದಗಬಹುದು.